ನಿರಾಶ್ರಿತರ ನಿಧಿಗೆ ಕಿರುಚಿತ್ರ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ಯುದ್ಧದಲ್ಲಿ ಮನೆಮಠ ಕಳೆದುಕೊಂಡು ಪರದೇಶದ ಪಾಲಾದವರಿಗಾಗಿ ಎರಡು ನಿಮಿಷದ ಚಿತ್ರ ತೆಗೆದು, ಅಂತರ್ಜಾಲದಲ್ಲಿ ಹರಡಿ, ಹಣ ಕೂಡಿಸೋಣವೆಂದು ನಮ್ಮ ತರುಣರು ಹೊರಟಿದ್ದಾರೆ. "ನಮ್ಮ ಸಾಲವೇ ತೀರಿಲ್ಲ, ಊರಾಚೆಯ ಉಸಾಬರಿ ಯಾಕಪ್ಪ?" ಎಂದು ಕೆಲವು ಹಿರಿಯರು ಮೂಗು ಮುರಿದಿದ್ದಾರೆ.

ಹಿರಿಯರಿಗೆ ಮೊದಲು ಉತ್ತರ ಹೇಳುತ್ತೇವೆ. ನೆಲೆ ತಪ್ಪುವುದು ನಮಗೆ ಊರಾಚೆಯ ಸಂಗತಿಯೇ? 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಕಟ್ಟೆ ನಮ್ಮ ಗದ್ದೆಗೆ ನೀರು ಕೊಟ್ಟಿತು, ಕಾರ್ಖಾನೆಗೆ ಕಬ್ಬು ಕೊಟ್ಟಿತು. ಹಳೆಯ ಕನ್ನಂಬಾಡಿ ನೀರಿನಡಿಗೆ ಹೋಯಿತು. ಅಲ್ಲಿದ್ದ ವೇಣುಗೋಪಾಲಸ್ವಾಮಿ ಗುಡಿಯ ಕಲ್ಲುಗಳನ್ನು ಎಷ್ಟೋ ದಶಕಗಳ ಮೇಲೆ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ನಿಲ್ಲಿಸಿದರು. ಆ ಗುಡಿಯ ಚಿತ್ರ ಈಗ ನಿಮ್ಮೆಲ್ಲರ ಫೋನಿನಲ್ಲಿದೆ. ಎದ್ದು ಹೋದ ಒಕ್ಕಲುಗಳ ಚಿತ್ರ ಯಾರ ಬಳಿ ಇದೆ?

ಇನ್ನೂ ಹತ್ತಿರದ ಮಾತು. 2020ರ ಮೇ ತಿಂಗಳಲ್ಲಿ ಕೃಷ್ಣರಾಜಪೇಟೆ, ನಾಗಮಂಗಲದ ನಮ್ಮ ಜನ ಮುಂಬೈಯಲ್ಲಿ ದುಡಿಮೆ ನಿಂತು ಊರಿಗೆ ಮರಳಿದರು. ಬಂದದ್ದು ಸ್ವಂತ ಊರಿಗೆ. ಆದರೂ ರೋಗ ಹೊತ್ತು ತಂದವರೆಂದು ಅವರನ್ನು ದೂರುವ ಮಾತು ಫೋನಿನಿಂದ ಫೋನಿಗೆ ಓಡಿತು. ಅಂದು ಬಾಗಿಲು ಮುಚ್ಚಿಸಿದ ಆ ಯಂತ್ರದಿಂದ ಈಗ ಬಾಗಿಲು ತೆರೆಸಲು ತರುಣರು ಹೊರಟಿದ್ದಾರೆ. ಅಡ್ಡಿ ಮಾಡಬೇಡಿ.

ಇನ್ನು ತರುಣರಿಗೆ. 2014ರ ಮಾರ್ಚ್‌ನಲ್ಲಿ ಸೇವ್ ದ ಚಿಲ್ಡ್ರನ್ ಸಂಸ್ಥೆ ಸಿರಿಯಾದ ಮಕ್ಕಳಿಗಾಗಿ ಸುಮಾರು ಒಂದೂವರೆ ನಿಮಿಷದ ಚಿತ್ರ ಬಿಟ್ಟಿತು. ಅದರಲ್ಲಿ ಸಿರಿಯಾದ ಮಗುವೇ ಇಲ್ಲ. ಲಂಡನ್ನಿನ ಒಬ್ಬ ಹುಡುಗಿ. ಒಂದು ಹುಟ್ಟುಹಬ್ಬದಿಂದ ಮುಂದಿನ ಹುಟ್ಟುಹಬ್ಬದವರೆಗೆ ದಿನಕ್ಕೊಂದು ಕ್ಷಣ. ಆಟಪಾಠದ ನಡುವೆ ಯುದ್ಧ ನುಗ್ಗುತ್ತದೆ, ಮನೆ ಹೋಗುತ್ತದೆ. ಕೋಟಿಗಟ್ಟಲೆ ಜನ ನೋಡಿದರು. ನೋಡುವವನ ಮನೆಗೇ ಯುದ್ಧವನ್ನು ತಂದು ನಿಲ್ಲಿಸಿದ್ದೇ ಅದರ ಜಾಣತನ. ನೊಂದ ಮಗುವಿನ ಮುಖ ಹಿಂಡಿ ಕಣ್ಣೀರು ತೆಗೆಯುವ ಕೆಲಸ ಅದರಲ್ಲಿಲ್ಲ. ನಮ್ಮ ಚಿತ್ರ ಶ್ರೀರಂಗಪಟ್ಟಣದ ಒಂದು ಬಾಡಿಗೆ ಮನೆಯಿಂದಲೇ ಶುರುವಾಗಲಿ.

ಆದರೆ ಕಣ್ಣೀರು ಬೇಗ ಆರುತ್ತದೆ. 2015ರ ಸೆಪ್ಟೆಂಬರಿನಲ್ಲಿ ಕಡಲದಂಡೆಯಲ್ಲಿ ಸತ್ತು ಬಿದ್ದಿದ್ದ ಆಲನ್ ಕುರ್ದಿ ಎಂಬ ಮಗುವಿನ ಚಿತ್ರ ಲೋಕವನ್ನೇ ಅಲುಗಿಸಿತು. ಸ್ವೀಡನ್ನಿನ ರೆಡ್‌ಕ್ರಾಸ್ ನಿಧಿಗೆ ಹಣ ಹರಿದು ಬಂತು. ಸುಮಾರು ಆರು ವಾರಗಳಲ್ಲಿ ಆ ಹರಿವು ಬಹುಮಟ್ಟಿಗೆ ಇಳಿದೂ ಹೋಯಿತು. ನಿರಾಶ್ರಿತನ ಬದುಕು ಆರು ವಾರಕ್ಕೆ ಮುಗಿಯುವುದೇ?

ನಮ್ಮ ಪಕ್ಕದ ಜಿಲ್ಲೆಯ ಬೈಲಕುಪ್ಪೆಯನ್ನು ನೋಡಿ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಟಿಬೆಟನ್ನರು. ಅಂದಿನ ಮೈಸೂರು ರಾಜ್ಯ ಸುಮಾರು 3000 ಎಕರೆ ಕಾಡುನೆಲ ಕೊಟ್ಟಿತು. ಅವರು ಕಾಡು ಸವರಿ, ಆನೆಗೆ ಕಾವಲು ಕೂತು, ಮುಸುಕಿನ ಜೋಳ ಬೆಳೆದು, ಸಹಕಾರ ಸಂಘ ಕಟ್ಟಿಕೊಂಡರು. ಚಳಿಗಾಲ ಬಂತೆಂದರೆ ಪೇಟೆಗಳಲ್ಲಿ ಸ್ವೆಟರ್ ಹರಡಿ ಕೂರುವ ಟಿಬೆಟನ್ನರನ್ನು ನಮ್ಮ ಬಟ್ಟೆ ವರ್ತಕರು ಚೆನ್ನಾಗಿ ಬಲ್ಲರು. ಪೈಪೋಟಿಯ ಕೋಪವೂ ಅವರಿಗೆ ಉಂಟು! ದಾನಕ್ಕೆ ಕೈಯೊಡ್ಡಿದವನ ಮೇಲೆ ಯಾವ ವರ್ತಕನೂ ಪೈಪೋಟಿಗೆ ಕೋಪಿಸಿಕೊಳ್ಳುವುದಿಲ್ಲ. ಆದರೂ 1951ರ ನಿರಾಶ್ರಿತರ ಒಡಂಬಡಿಕೆಗೆ ನಮ್ಮ ದೇಶ ಸಹಿ ಹಾಕಿಲ್ಲ. ಇಲ್ಲಿ ಆಶ್ರಯವೆಂಬುದು ಸರ್ಕಾರದ ಮರ್ಜಿ. ಚಿತ್ರದಲ್ಲಿ ಈ ಮಾತೂ ಬರಬೇಕು.

ಇನ್ನು ಹಣದ ವಿಚಾರ. ಸುಳ್ಳು ಚಿತ್ರಕ್ಕೆ ಕ್ಯೂಆರ್ ಕೋಡ್ ಅಂಟಿಸಿ ದೋಚುವವರಿದ್ದಾರೆ. ಕೋಡ್ ತೋರಿಸಿದಾಗ ಫೋನಿನಲ್ಲಿ ಮೂಡುವ ಹೆಸರು ಓದಿ. ಸಂಸ್ಥೆಯ ಹೆಸರಿಗೆ ಬದಲು ಯಾವನೋ ಒಬ್ಬನ ಹೆಸರಿದ್ದರೆ ಅಲ್ಲಿಗೇ ನಿಲ್ಲಿಸಿ. ಯಾರ ಮುಖ ತೆಗೆದರೂ ಅವರ ಒಪ್ಪಿಗೆ ಬೇಕು. ತೆಗೆದ ಚಿತ್ರವನ್ನು ಮೊದಲು ಅವರಿಗೇ ತೋರಿಸಬೇಕು. ಬೇಡವೆಂದರೆ ಅಳಿಸಬೇಕು, ಎಷ್ಟೇ ಚೆನ್ನಾಗಿ ಬಂದಿರಲಿ. ಒಂದೇ ಚಿತ್ರಕ್ಕೆ ಕೈತೊಳೆದುಕೊಳ್ಳದೆ ತಿಂಗಳಿಗೊಂದು ಬರಲಿ, ಪ್ರತಿಯೊಂದರ ಕೊನೆಯಲ್ಲಿ ಹಿಂದಿನ ತಿಂಗಳ ಜಮಾಖರ್ಚು ಮೂಡಲಿ. ಲೆಕ್ಕ ನೋಡಲು ಪ್ರತಿ ತಾಲ್ಲೂಕಿನಿಂದ ಒಬ್ಬ ಕಾರ್ಮಿಕ, ಒಬ್ಬ ವರ್ತಕ ಬೇಕು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಇಲ್ಲೇ ನಿಲ್ಲಿ.