ದುರ್ಬೀನು ಆಪರೇಷನ್ನೂ ರಜೆಯ ಲೆಕ್ಕವೂ

(ಸಂಘದ ಉಚಿತ ವಾಚನಾಲಯದ ಮಹಿಳಾ ವಿಭಾಗದ ಉಪನ್ಯಾಸಮಾಲೆಯಲ್ಲಿ ನಿವೃತ್ತ ದಾದಿಯೊಬ್ಬರು ಮಾಡಿದ ಭಾಷಣ)



ಇಂದಿನ ವಿಷಯ ಹೆಂಗಸರದು. ಆದರೂ ಗಂಡಸರು ಎದ್ದು ಹೋಗಬಾರದೆಂದು ಮೊದಲೇ ಬಿನ್ನವಿಸಿಕೊಳ್ಳುತ್ತೇನೆ. ಆಪರೇಷನ್ ಆಗುವುದು ಹೆಂಗಸಿಗೆ. ಆದರೆ ರಜೆಯ ಅರ್ಜಿ ಬರೆಯುವವರು, ಹಣ ಹೊಂದಿಸುವವರು, ಬೆಳಿಗ್ಗೆ ಎದ್ದು ನಳದ ನೀರು ಹಿಡಿಯಬೇಕಾದವರು ಅನೇಕ ಮನೆಗಳಲ್ಲಿ ನೀವೇ. ಮುಂಬಯಿಯ ಆಸ್ಪತ್ರೆಗಳ ಸ್ತ್ರೀಯರ ವಾರ್ಡಿನಲ್ಲಿ ಬಹಳ ವರ್ಷ ದುಡಿದವಳು ನಾನು. ಅಲ್ಲಿ ನಮ್ಮ ಕನ್ನಡ ಜನ ನನ್ನನ್ನು ಅತಿ ಹೆಚ್ಚು ಸಾರಿ ಕೇಳಿದ ಪ್ರಶ್ನೆ ಒಂದೇ: “ಸಿಸ್ಟರ್, ಎಷ್ಟು ದಿನ ರಜೆ ಹಾಕಬೇಕು?” ಅದಕ್ಕೆ ಇಂದು ಸಾವಕಾಶವಾಗಿ ಉತ್ತರ ಹೇಳುತ್ತೇನೆ.

ಈ ಊರಿನಲ್ಲಿ ‘ದುರ್ಬೀನು ಆಪರೇಷನ್’ ಎಂದು ಕರೆಯುವುದನ್ನು ವೈದ್ಯರು ಲ್ಯಾಪರೋಸ್ಕೋಪಿ ಎನ್ನುತ್ತಾರೆ. ಹೊಕ್ಕುಳದ ಬಳಿ ಒಂದು, ಕೆಳಹೊಟ್ಟೆಯಲ್ಲಿ ಎರಡೋ ಮೂರೋ ಸಣ್ಣ ರಂಧ್ರಗಳನ್ನು ಮಾಡುತ್ತಾರೆ. ಒಂದೊಂದೂ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು. ಒಳಗೆ ಕೆಲಸ ಮಾಡಲು ಎಡೆಯಾಗಲೆಂದು ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಹೊಟ್ಟೆಯೊಳಕ್ಕೆ ತುಂಬಿ, ಒಂದು ರಂಧ್ರದಿಂದ ಬೆಳಕುಳ್ಳ ದುರ್ಬೀನನ್ನೂ ಮಿಕ್ಕವುಗಳಿಂದ ಉಪಕರಣಗಳನ್ನೂ ಇಳಿಸುತ್ತಾರೆ. ಮನುಷ್ಯನ ಹೊಟ್ಟೆಯನ್ನು ಹೀಗೆ ನೋಡುವ ಕ್ರಮವನ್ನು 1910ರಲ್ಲಿ ಸ್ವೀಡನ್ನಿನ ಯಾಕೋಬಿಯಸ್ ಎಂಬ ವೈದ್ಯರು ಪ್ರಕಟಿಸಿದರು. ಈ ವಿಧಾನದಿಂದ ಗರ್ಭಕೋಶ ತೆಗೆದವರಲ್ಲಿ ಮೊದಲಿಗರು ಅಮೆರಿಕದ ಹ್ಯಾರಿ ರೀಚ್, ಅದು 1988ರಲ್ಲಿ. ನಮ್ಮ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 1990ರಲ್ಲಿ ಡಾ. ತೆಹಮ್‌ಟನ್ ಉದ್ವಾಡಿಯಾ ಅವರು ಇದೇ ದಾರಿಯಿಂದ ಪಿತ್ತಕೋಶವನ್ನು ತೆಗೆದು ಈ ವಿದ್ಯೆಯನ್ನು ದೇಶದಲ್ಲಿ ಹರಡಿದರು.

ಇದರ ಲಾಭ ದೊಡ್ಡದು. ನೋವು ಕಡಿಮೆ, ರಕ್ತ ಹೋಗುವುದು ಕಡಿಮೆ, ಆಸ್ಪತ್ರೆಯ ವಾಸ ಒಂದೆರಡು ದಿನ. ಆದರೆ ಈ ಲಾಭದಲ್ಲಿಯೇ ಒಂದು ಮೋಸವೂ ಅಡಗಿದೆ. ನಾಲ್ಕನೆಯ ದಿನಕ್ಕೆ ಹೆಂಗಸು ಎದ್ದು ಓಡಾಡುತ್ತಾಳೆ. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಪಟ್ಟಿ ಬಿಟ್ಟರೆ ಏನೂ ಕಾಣದು. “ಇಷ್ಟೇನಾ!” ಎನ್ನುತ್ತಾರೆ ನೆರೆಯವರು. ಐದನೆಯ ದಿನ ಆಕೆ ನೀರಿನ ಬಕೆಟ್ಟು ಎತ್ತುತ್ತಾಳೆ. ಗರ್ಭಕೋಶ ತೆಗೆದಿದ್ದರೆ ಒಳಗೆ ಯೋನಿಯ ತುದಿಯಲ್ಲಿ ಹೊಲಿಗೆ ಇರುತ್ತದೆ. ಹೊಟ್ಟೆ ಕೊಯ್ದು ತೆಗೆದವಳಿಗೂ ಅಲ್ಲಿ ಅದೇ ಹೊಲಿಗೆ. ಅದು ಮಾಯಲು ವಾರಗಳೇ ಬೇಕು. ಆದುದರಿಂದ ಈ ಒಂದು ಮಾತನ್ನು ನೆನಪಿಡಿ: ರಂಧ್ರ ನೋಡಿ ರಜೆ ಹಾಕಬೇಡಿ; ಒಳಗೆ ಏನು ಮಾಡಿದ್ದಾರೆ ಎಂಬುದನ್ನೂ, ಹೊರಗೆ ನೀವು ಯಾವ ಕೆಲಸಕ್ಕೆ ಮರಳಬೇಕು ಎಂಬುದನ್ನೂ ನೋಡಿ ರಜೆ ಹಾಕಿ.

ಈಗ ದಿನಗಳ ಲೆಕ್ಕ. ತೊಂದರೆಯಿಲ್ಲದೆ ನಡೆದ ಆಪರೇಷನ್ನಿಗೆ ಸಾಮಾನ್ಯವಾಗಿ ಹೀಗೆ ಹಿಡಿಯಬಹುದು. ದುರ್ಬೀನಿನಿಂದ ಬರಿಯ ಪರೀಕ್ಷೆ ಮಾಡಿದ್ದರೆ ಒಂದು ವಾರ. ಸಂತಾನ ನಿರೋಧದ ಆಪರೇಷನ್ನಿಗೆ ಒಂದರಿಂದ ಎರಡು ವಾರ. ಅಂಡಾಶಯದ ನೀರುಗಡ್ಡೆ ತೆಗೆದಿದ್ದರೆ ಎರಡರಿಂದ ಮೂರು ವಾರ. ಗರ್ಭಕೋಶ ಉಳಿಸಿ ಅದರ ಗಡ್ಡೆ ಮಾತ್ರ ತೆಗೆದಿದ್ದರೆ ಎರಡರಿಂದ ನಾಲ್ಕು ವಾರ. ಗರ್ಭಕೋಶವನ್ನೇ ತೆಗೆದಿದ್ದರೆ ನಾಲ್ಕರಿಂದ ಆರು ವಾರ. ಕುಳಿತು ಮಾಡುವ ಹಗುರ ಕೆಲಸವಿದ್ದು, ಮೈಯಲ್ಲಿ ಶಕ್ತಿ ಇದ್ದವರು ಮೂರನೆಯ ವಾರಕ್ಕೇ ಹೋದದ್ದೂ ಉಂಟು. ಆದರೆ ಇಟ್ಟಿಗೆ ಹೊರುವವಳು, ಹೋಟೆಲಿನಲ್ಲಿ ಪಾತ್ರೆ ತಿಕ್ಕುವವಳು, ಐದು ಮನೆಗಳಲ್ಲಿ ನೆಲ ಒರೆಸುವವಳು ಆರು ವಾರಕ್ಕೆ ಕಡಿಮೆ ಎಣಿಸಲೇಬಾರದು.

ಈ ಲೆಕ್ಕಕ್ಕೆ ಎರಡು ಸಂಗತಿ ಕೂಡಿಸಿಕೊಳ್ಳಿ. ಒಂದು: ದುರ್ಬೀನಿನಿಂದ ಪ್ರಾರಂಭಿಸಿದ ಆಪರೇಷನ್ ಕೆಲವೊಮ್ಮೆ ನಡುವೆ ಹೊಟ್ಟೆ ತೆರೆದು ಮುಗಿಸಬೇಕಾಗುತ್ತದೆ. ರಕ್ತ ನಿಲ್ಲದಿದ್ದರೆ, ಹಳೆಯ ಆಪರೇಷನ್ನಿನಿಂದ ಕರುಳು ಅಂಟಿಕೊಂಡಿದ್ದರೆ ಹೀಗಾಗಬಹುದು. ಆಗ ಗರ್ಭಕೋಶ ತೆಗೆದವರಿಗೆ ಆರರಿಂದ ಎಂಟು ವಾರ ಬೇಕು. ಆದುದರಿಂದ ಖಾತೆಯಲ್ಲಿರುವ ರಜೆಯನ್ನೆಲ್ಲ ಮೊದಲೇ ಖರ್ಚು ಮಾಡಿ ಕುಳಿತುಕೊಳ್ಳಬೇಡಿ. ಎರಡು ವಾರವಾದರೂ ಕೈಯಲ್ಲಿ ಉಳಿದಿರಲಿ. ಎರಡು: ಕಚೇರಿಯ ಗುಮಾಸ್ತೆಗೆ ಕುರ್ಚಿಯ ಕೆಲಸ ಹಗುರವಿರಬಹುದು, ಆದರೆ ಅವಳು ಕುರ್ಚಿಯನ್ನು ಮುಟ್ಟಬೇಕಾದರೆ ರೈಲಿನ ಸೇತುವೆ ಹತ್ತಿ ಇಳಿಯಬೇಕು, ಬೆಳಗಿನ ಲೋಕಲ್ಲಿನ ಜನಜಂಗುಳಿಯಲ್ಲಿ ಮೊಣಕೈ ಪೆಟ್ಟು ತಿನ್ನಬೇಕು. ವೈದ್ಯರು “ನಿಮ್ಮ ಕೆಲಸವೇನು?” ಎಂದು ಕೇಳಿದಾಗ “ಕ್ಲಾರ್ಕು” ಎಂದಷ್ಟೇ ಹೇಳಿ ಸುಮ್ಮನಾಗಬೇಡಿ, ಮನೆಯಿಂದ ಮೇಜಿನವರೆಗಿನ ದಾರಿಯನ್ನೂ ಹೇಳಿ.

ಇನ್ನು ಪಗಾರದ ಮಾತು. ಕೇಂದ್ರ ಸರಕಾರದ ನೌಕರರಿಗೆ 1972ರ ರಜಾ ನಿಯಮಗಳಂತೆ ವರ್ಷಕ್ಕೆ 20 ದಿನ ಅರ್ಧವೇತನದ ರಜೆ ಜಮೆಯಾಗುತ್ತದೆ. ವೈದ್ಯರ ಪತ್ರ ಒಪ್ಪಿಸಿದರೆ ಇಂಥ ಎರಡು ದಿನ ಕೊಟ್ಟು ಪೂರ್ಣ ವೇತನದ ಒಂದು ದಿನ ಪಡೆಯಬಹುದು. ಆರು ವಾರಕ್ಕೆ, ಅಂದರೆ 42 ದಿನಕ್ಕೆ, 84 ದಿನ ಕಳೆಯುತ್ತದೆ. ನಾಲ್ಕೈದು ವರ್ಷ ಕೂಡಿಟ್ಟವರಿಗೆ ಇದು ಸಾಲುತ್ತದೆ. ಗಳಿಕೆ ರಜೆ ಹಾಗೆಯೇ ಉಳಿಯುತ್ತದೆ. ಬ್ಯಾಂಕು, ಕಂಪನಿಗಳ ನಿಯಮ ಬೇರೆ ಬೇರೆ. ತಾರೀಖು ಗೊತ್ತಾದ ದಿನವೇ ರಜೆಯ ವಿಭಾಗದಲ್ಲಿ ನಿಮ್ಮ ಖಾತೆಯನ್ನು ನೋಡಿಕೊಳ್ಳಿ.

ಇ.ಎಸ್.ಐ. ಇರುವ ಕಾರ್ಮಿಕರಿಗೆ ಕಾಯಿಲೆಯ ಭತ್ಯೆ ಉಂಟು: ಸರಾಸರಿ ದಿನಗೂಲಿಯ ಶೇಕಡಾ 70, ವರ್ಷಕ್ಕೆ 91 ದಿನಗಳವರೆಗೆ. ಅದಕ್ಕೆ ಸಂಬಂಧಪಟ್ಟ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನವಾದರೂ ವಂತಿಗೆ ಕಟ್ಟಿರಬೇಕು. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ದಿನಗೂಲಿ 500 ರೂಪಾಯಿ ಎಂದು ಹಿಡಿದರೆ ದಿನಕ್ಕೆ 350. 42 ದಿನದಲ್ಲಿ ಎರಡು ಕಳೆದು 40 ದಿನಕ್ಕೆ 14,000 ರೂಪಾಯಿ. ಇ.ಎಸ್.ಐ. ವೈದ್ಯರ ಪತ್ರವನ್ನು ಪ್ರತಿ ಸಾರಿಯೂ ಕಾಲಕ್ಕೆ ಸರಿಯಾಗಿ ಪಡೆದು ಶಾಖೆಗೆ ಒಪ್ಪಿಸಬೇಕು. ಗಂಡಸರು ಇದನ್ನು ಗಮನಿಸಿ: ನಿಮ್ಮ ಕಾರ್ಡಿನಲ್ಲಿ ಹೆಂಡತಿಗೆ ಚಿಕಿತ್ಸೆ ದೊರೆಯುತ್ತದೆ, ಆದರೆ ಆಕೆಯ ಆರೈಕೆಗೆಂದು ನೀವು ಮನೆಯಲ್ಲಿ ನಿಂತ ದಿನಕ್ಕೆ ಭತ್ಯೆ ಇಲ್ಲ. ಅದಕ್ಕೆ ನಿಮ್ಮ ಸ್ವಂತ ರಜೆಯನ್ನೇ ತೆಗೆದಿಡಬೇಕು.

ಸಂತಾನ ನಿರೋಧದ ಆಪರೇಷನ್ನಿಗೆ ಪ್ರತ್ಯೇಕ ಹಕ್ಕು ಇದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 1995ರಲ್ಲಿ ತಿದ್ದುಪಡಿ ತಂದು, ಆಪರೇಷನ್ನಿನ ಮರುದಿನದಿಂದ ಎರಡು ವಾರ ವೇತನಸಹಿತ ರಜೆಯನ್ನು ಸೇರಿಸಿದರು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಉಳಿದಿದೆ. ಆಪರೇಷನ್ನಿನಿಂದ ಕಾಯಿಲೆ ಬಿದ್ದರೆ ಇನ್ನೂ ಒಂದು ತಿಂಗಳವರೆಗೆ ಕೇಳಬಹುದು. ಎಷ್ಟೋ ಮಂದಿ ಇದನ್ನು ತಿಳಿಯದೆ ಪಗಾರ ಕಳೆದುಕೊಂಡಿದ್ದಾರೆ.

ಅರ್ಜಿಯಲ್ಲಿ ‘ಗರ್ಭಕೋಶ’ ಎಂದು ಬರೆಯಲು ಸಂಕೋಚಪಟ್ಟು ‘ಜ್ವರ’ ಎಂದು ಬರೆಯುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ, ವೈದ್ಯರ ಪತ್ರಕ್ಕೂ ಅರ್ಜಿಗೂ ತಾಳೆಯಾಗದೆ ರಜೆಯೇ ಕೈತಪ್ಪೀತು. ‘ಉದರದ ಶಸ್ತ್ರಚಿಕಿತ್ಸೆ’ ಎಂದು ಬರೆದುಕೊಡಲು ವೈದ್ಯರನ್ನು ಕೇಳಿಕೊಳ್ಳಿ. ಅದು ಸುಳ್ಳಲ್ಲ, ಮರ್ಯಾದೆಗೂ ಕುಂದಿಲ್ಲ.

ರಜೆಯೂ ಇಲ್ಲ, ಭತ್ಯೆಯೂ ಇಲ್ಲ ಎನ್ನುವ ದಿನಗೂಲಿಯವರು ಏನು ಮಾಡಬೇಕು? ಆಯುಷ್ಮಾನ್ ಭಾರತದಂಥ ಯೋಜನೆಗಳು ಆಸ್ಪತ್ರೆಯ ಖರ್ಚನ್ನು ಭರಿಸುತ್ತವೆ, ಹೋದ ಕೂಲಿಯನ್ನು ಕೊಡುವುದಿಲ್ಲ. ಆದುದರಿಂದ ಆರು ವಾರದ ಬಾಡಿಗೆ ಮತ್ತು ರೇಶನ್ನಿನ ಹಣವನ್ನು ಮೊದಲೇ ಕೂಡಿಹಾಕಬೇಕು. ಭಿಶಿ ಕಟ್ಟುವವರು ಆ ತಿಂಗಳ ಪಾಳಿಯನ್ನು ತಮಗೇ ಬಿಡುವಂತೆ ಕೇಳಲಿ. ಮನೆಗೆಲಸದವರು ನಂಬಿಕೆಯ ಗೆಳತಿಯನ್ನು ಬದಲಿಗೆ ಹಚ್ಚಿ, ಮರಳಿ ಬರುವ ತಾರೀಖನ್ನು ಮಾಲಕಿತಿಗೆ ಹೇಳಿಬಿಡಲಿ. ತುರ್ತಿಲ್ಲದ ಆಪರೇಷನ್ನಾದರೆ ಒಂದೆರಡು ತಿಂಗಳು ಮುಂದಕ್ಕೆ ಹಾಕಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಮಾಡಿದರೆ ಸಾಲದ ಬಾಗಿಲೇ ಗತಿ.

ಇಲ್ಲಿಯೇ ಒಂದು ಕಹಿ ಮಾತು ಹೇಳಬೇಕು. 2019ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ಒಂದು ದಿನ ತಪ್ಪಿದರೆ ಮುಕಾದಮ ದಂಡ ಹಾಕುತ್ತಾನೆ. ಮುಟ್ಟಿನ ನೋವಿಗೆ ದಿನ ಕಳೆಯಬಾರದೆಂದು, ಕ್ಯಾನ್ಸರಿನ ಹೆದರಿಕೆಗೂ ಒಳಗಾಗಿ, ಎಳೆಯ ಪ್ರಾಯದವರು ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು. ಸರಕಾರದ ಸಮಿತಿ ಎಂಬತ್ತು ಸಾವಿರಕ್ಕೂ ಮಿಕ್ಕಿ ಹೆಂಗಸರನ್ನು ವಿಚಾರಿಸಿದಾಗ ಹದಿಮೂರು ಸಾವಿರಕ್ಕೂ ಮಿಕ್ಕಿ ಮಂದಿಗೆ ಈ ಆಪರೇಷನ್ ಆಗಿತ್ತು. ಅನಾವಶ್ಯಕ ಆಪರೇಷನ್ ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮವರಲ್ಲಿಯೂ “ಇದು ಹೋದರೆ ಪೀಡೆ ಹೋಯಿತು, ರಜೆಯೂ ಉಳಿಯಿತು” ಎನ್ನುವವರಿದ್ದಾರೆ. ರಜೆ ಉಳಿಸಲು ಅಂಗ ತೆಗೆಸಬಾರದು. ಮಾತ್ರೆಯಿಂದ, ಗರ್ಭಕೋಶದಲ್ಲಿಡುವ ಹಾರ್ಮೋನಿನ ಸಾಧನದಿಂದ, ಗಡ್ಡೆ ಮಾತ್ರ ತೆಗೆಯುವುದರಿಂದ ಗುಣವಾಗಬಹುದೇ ಎಂದು ಕೇಳಿ; ಇನ್ನೊಬ್ಬ ವೈದ್ಯರಿಗೂ ತೋರಿಸಿ. ಅಂಡಾಶಯಗಳನ್ನು ಉಳಿಸುತ್ತಾರೆಯೇ ಎಂದೂ ಕೇಳಿ. ಎರಡನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳು ಒಮ್ಮೆಲೇ ಬಂದೆರಗುತ್ತವೆ, ಎಲುಬುಗಳೂ ಸಡಿಲವಾಗುತ್ತವೆ.

ಆಪರೇಷನ್ ಬೇಕೇ ಬೇಕು ಎಂದಾದರೆ ಸಿದ್ಧತೆ ಒಂದು ತಿಂಗಳ ಮುಂಚೆಯೇ ಪ್ರಾರಂಭವಾಗಲಿ. ಬಹಳ ರಕ್ತ ಹೋದವರ ಮೈಯಲ್ಲಿ ರಕ್ತ ಕಡಿಮೆ. ಮೊದಲೇ ಪರೀಕ್ಷೆ ಮಾಡಿಸಿ, ಕಬ್ಬಿಣದ ಮಾತ್ರೆ ತೆಗೆದುಕೊಂಡರೆ ಆಮೇಲಿನ ದಣಿವು ಬೇಗ ಕಳೆಯುತ್ತದೆ. ನೀರು ಯಾರು ಹಿಡಿಯುತ್ತಾರೆ, ಮಗುವನ್ನು ಶಾಲೆಗೆ ಯಾರು ಬಿಡುತ್ತಾರೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಇಪ್ಪತ್ತು ಲೀಟರಿನ ಬಕೆಟ್ಟು ಇಪ್ಪತ್ತು ಕಿಲೋ ಭಾರ. ಗರ್ಭಕೋಶ ತೆಗೆಸಿಕೊಂಡವಳು ಆರು ವಾರ ಅದನ್ನು ಮುಟ್ಟಬಾರದು. ದಾಂಪತ್ಯಕ್ಕೂ ಅದೇ ಆರು ವಾರದ ಬಿಡುವು.

“ಊರಿಗೆ ಹೋಗಿ ಅವ್ವನ ಹತ್ತಿರ ಇದ್ದು ಬರುತ್ತೇನೆ” ಎನ್ನುವುದು ನಮ್ಮವರ ಸಹಜ ಆಸೆ. ಆದರೆ ಮೊದಲ ವಾರದಲ್ಲಿಯೇ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗಬೇಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಒಂದು. ತೊಂದರೆ ಕಂಡರೆ ಆಪರೇಷನ್ ಮಾಡಿದ ವೈದ್ಯರು ದೂರ ಎಂಬುದು ಇನ್ನೊಂದು. ಅವ್ವನನ್ನೇ ಇಲ್ಲಿಗೆ ಕರೆಸಿಕೊಳ್ಳಿ. ಮರುಭೇಟಿಯಲ್ಲಿ ವೈದ್ಯರು ಒಪ್ಪಿದ ಮೇಲೆ ಊರಿಗೆ ಹೋಗಬಹುದು. ಮರುಭೇಟಿಯ ದಿನ, ತೆಗೆದ ಗಡ್ಡೆಯ ಪರೀಕ್ಷೆಯ ವರದಿ ಬರುವ ದಿನ, ಎರಡೂ ರಜೆಯೊಳಗೇ ಬರುವಂತೆ ನೋಡಿಕೊಳ್ಳಿ.

ವಿಶ್ರಾಂತಿ ಎಂದರೆ ಹಾಸಿಗೆ ಹಿಡಿಯುವುದೆಂದಲ್ಲ. ಮೊದಲ ದಿನದಿಂದಲೇ ಖೋಲಿಯಲ್ಲಿ ನಡೆದಾಡಬೇಕು, ಪಾದಗಳನ್ನು ಆಡಿಸುತ್ತಿರಬೇಕು. ಒಂದೆರಡು ದಿನ ಹೆಗಲು ನೋಯುವುದುಂಟು. ಅದು ತುಂಬಿದ ಅನಿಲದ ಕಾಟ, ತಾನೇ ಹೋಗುತ್ತದೆ. ಬರಿಯ ಗಂಜಿಯ ಪಥ್ಯ ಬೇಡ. ಬೇಳೆ, ಸೊಪ್ಪು, ಹಣ್ಣು ತಿಂದು ಸಾಕಷ್ಟು ನೀರು ಕುಡಿದು ಮಲಬದ್ಧತೆಯನ್ನು ದೂರವಿಡಿ.

ಆದರೆ ದಿನದಿನಕ್ಕೆ ನೋವು ಇಳಿಯಬೇಕು. ಇಳಿದ ನೋವು ಮತ್ತೆ ಏರಿದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಜ್ವರ ಬಂದರೆ, ರಕ್ತ ಬಹಳ ಹೋದರೆ, ದುರ್ವಾಸನೆಯ ಸ್ರಾವವಾದರೆ, ಮೂತ್ರ ಕಟ್ಟಿದರೆ, ಒಂದು ಮೀನಖಂಡ ಮಾತ್ರ ಊದಿ ನೋಯತೊಡಗಿದರೆ, ಉಸಿರು ಸಿಕ್ಕಿಕೊಂಡಂತಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ರಜೆ ಮುಗಿಯಿತೆಂದು ಇದನ್ನೆಲ್ಲ ನುಂಗಿಕೊಂಡು ಕೆಲಸಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ಕೆಲಸಕ್ಕೆ ಮರಳುವಾಗ, ಸಾಧ್ಯವಿದ್ದರೆ, ಸೋಮವಾರದ ಬದಲು ಗುರುವಾರ ಹೋಗಿ. ಎರಡು ಮೂರು ದಿನದಲ್ಲಿ ಬಿಡುವು ಸಿಗುತ್ತದೆ. ಮೊದಲ ವಾರ ಗರ್ದಿ ತಪ್ಪಿಸಿ ಬೇಗ ಬಂದು ಬೇಗ ಹೋಗಲು ಅನುಮತಿ ಕೇಳಿ. ಭಾರ ಎತ್ತಿಸಬಾರದೆಂದು ವೈದ್ಯರ ಆರೋಗ್ಯಪತ್ರದಲ್ಲಿಯೇ ಬರೆಸಿಕೊಳ್ಳಿ. ಬಾಯಿಮಾತಿಗಿಂತ ಅದಕ್ಕೆ ಬೆಲೆ ಹೆಚ್ಚು.

ಬಂಧುಗಳೇ, ನಾವು ದುಡಿಯಲೆಂದು ಊರು ಬಿಟ್ಟು ಬಂದವರು. ಒಂದು ದಿನದ ಕೂಲಿಯ ಬೆಲೆ ನಮಗೆ ಗೊತ್ತು. ಅದಕ್ಕಾಗಿಯೇ ಹೇಳುತ್ತೇನೆ: ಆರು ವಾರ ಕೊಟ್ಟು ಮೈಯನ್ನು ಉಳಿಸಿಕೊಂಡವಳು ಇನ್ನು ಇಪ್ಪತ್ತು ವರ್ಷ ದುಡಿದಾಳು. ಈ ವಾಚನಾಲಯದಲ್ಲಿ ಇಂಗ್ಲಿಷು, ಮರಾಠಿ ಬಲ್ಲವರು ಬಹಳ ಮಂದಿ ಇದ್ದೀರಿ. ರಜೆಯ ಅರ್ಜಿ, ಇ.ಎಸ್.ಐ. ಕಾಗದ ತುಂಬಲು ಬಾರದ ತಂಗಿಯೊಬ್ಬಳು ಬಾಗಿಲಿಗೆ ಬಂದರೆ ಪತ್ರಿಕೆಯನ್ನು ಬದಿಗಿಟ್ಟು ಅರ್ಧ ಗಂಟೆ ಅವಳಿಗೆ ಕೊಡಿ. ಇಷ್ಟನ್ನು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.