ಆಕರ ನಮೂದಿಸುವ ಹೊಣೆ



ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸುವವರೆಲ್ಲ ಕಟ್ಟಕಡೆಗೆ ಉಳಿಸಿಕೊಳ್ಳುವ ಕೆಲಸವೊಂದಿದೆ, ರೆಫರೆನ್ಸ್ ಪಟ್ಟಿ. ಪ್ರಯೋಗಕ್ಕೆ ವರ್ಷಗಟ್ಟಲೆ ದುಡಿದವರು ಈ ಪಟ್ಟಿಗೆ ಒಂದು ರಾತ್ರಿಯನ್ನೂ ಪೂರ್ತಿ ಕೊಡುವುದಿಲ್ಲ. ನಾನು ಇಂದು ಈ ಪಟ್ಟಿಯ ಪರವಾಗಿ ಮಾತಾಡಲು ನಿಂತಿದ್ದೇನೆ. ನಮ್ಮ ಮಾತನ್ನು ಸುಮ್ಮನೆ ನಂಬಬೇಕಾಗಿಲ್ಲ, ಮೂಲಕ್ಕೇ ಹೋಗಿ ನೋಡಬಹುದು ಎಂದು ಓದುಗನಿಗೆ ನಾವು ಕೊಡುವ ಭರವಸೆ ಇರುವುದು ಅಲ್ಲಿಯೇ.

ನಮಗೆಲ್ಲ ಪರಿಚಿತವಾದ ಒಂದು ಸಂಶೋಧನೆಯಿಂದಲೇ ಶುರುಮಾಡೋಣ. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ, ಸಿ. ವಿ. ರಾಮನ್ ತಮ್ಮ ಹೊಸ ವಿಕಿರಣದ ಬಗ್ಗೆ ಉಪನ್ಯಾಸ ಕೊಟ್ಟರು. ಅದು 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನ 2ನೇ ಸಂಪುಟದಲ್ಲಿ 387ನೇ ಪುಟದಿಂದ ಅಚ್ಚಾಗಿದೆ. ಅದೇ ತಿಂಗಳ 31ರ 'ನೇಚರ್'ನಲ್ಲಿ ಒಂದು ಪುಟ್ಟ ಟಿಪ್ಪಣಿ ಬಂತು. 121ನೇ ಸಂಪುಟ, 501ನೇ ಪುಟ. ಮೊದಲನೆಯದರ ಲೇಖಕರು ರಾಮನ್ ಒಬ್ಬರೇ. ಎರಡನೆಯದರಲ್ಲಿ ಕೆ. ಎಸ್. ಕೃಷ್ಣನ್ ಜೊತೆಗಿದ್ದಾರೆ. ಎರಡನ್ನೂ ಕಲಸಿ 'ರಾಮನ್, 1928' ಎಂದು ಬರೆದು ಮುಗಿಸಿದರೆ ಕೃಷ್ಣನ್ ಅವರ ಹೆಸರು ಅಳಿಸಿಹೋಗುತ್ತದೆ. ಅಲ್ಪವಿರಾಮ, ಪುಟಸಂಖ್ಯೆಗಳ ಕಾಟವೆಂದು ನಾವು ಗೊಣಗುವ ಕೆಲಸದೊಳಗೆ ಹೀಗೆ ನ್ಯಾಯ ಅನ್ಯಾಯದ ಪ್ರಶ್ನೆಯೂ ಅಡಗಿರುತ್ತದೆ.

ಈ ಟಿಪ್ಪಣಿಯನ್ನು ಪಟ್ಟಿಗೆ ಸೇರಿಸುವುದು ಹೇಗೆ? ವೈದ್ಯಕೀಯ ಪತ್ರಿಕೆಗಳ ವ್ಯಾಂಕೂವರ್ ಶೈಲಿಯಲ್ಲಾದರೆ ಹೀಗೆ: ರಾಮನ್ ಸಿವಿ, ಕೃಷ್ಣನ್ ಕೆಎಸ್. ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್. ನೇಚರ್. 1928;121:501-2. ಲೇಖನದ ಒಡಲಲ್ಲಿ ಬರುವುದು ಒಂದು ಅಂಕಿ ಮಾತ್ರ. 1978ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿದ ಕೆಲವು ವೈದ್ಯಕೀಯ ಸಂಪಾದಕರಿಂದ ಇದಕ್ಕೆ ಈ ಹೆಸರು ಬಂತು. ಒಂದು ಪತ್ರಿಕೆ ಹಿಂತಿರುಗಿಸಿದ ಲೇಖನವನ್ನು ಇನ್ನೊಂದಕ್ಕೆ ಕಳಿಸುವಾಗ ಇಡೀ ಪಟ್ಟಿಯನ್ನು ಮತ್ತೆ ಟೈಪ್ ಮಾಡಬೇಕಾಗಿದ್ದ ಕಾಲ ಅದು. ಇನ್ನೊಂದು ದಾರಿ, ವಾಕ್ಯದೊಳಗೇ ಲೇಖಕನ ಹೆಸರು ಮತ್ತು ವರ್ಷವನ್ನು ಆವರಣದಲ್ಲಿ ಕೊಡುವುದು. ಹಾರ್ವರ್ಡ್‌ನ ಪ್ರಾಣಿವಿಜ್ಞಾನಿ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ, ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಯ ಬೆಳವಣಿಗೆ ಕುರಿತ ಲೇಖನದಲ್ಲಿ ಹೀಗೆ ಬರೆದರು. ಹಾರ್ವರ್ಡ್ ಪದ್ಧತಿಯ ಮೂಲವನ್ನು ಅಲ್ಲಿ ಗುರುತಿಸುತ್ತಾರೆ. ನನಗೆ ಮಾರ್ಕ್ ಅವರ ದಾರಿಯೇ ಇಷ್ಟ. ಯಾರ ಮಾತು, ಎಷ್ಟು ಹಳೆಯದು ಎಂಬುದು ಓದುವಾಗಲೇ ಕಣ್ಣಿಗೆ ಬೀಳುತ್ತದೆ. ಆದರೆ ಪತ್ರಿಕೆ ಯಾವುದನ್ನು ಕೇಳುತ್ತದೋ ಅದನ್ನೇ ಕೊಡಬೇಕು. ಜೊಟೆರೊ, ಎಂಡ್‌ನೋಟ್, ಬಿಬ್‌ಟೆಕ್ಸ್‌ನಂಥ ಸಾಧನಗಳಿರುವಾಗ ಒಂದು ಶೈಲಿಯಿಂದ ಇನ್ನೊಂದಕ್ಕೆ ಬದಲಿಸುವುದು ನಿಮಿಷದ ಕೆಲಸ. ಅದಕ್ಕಾಗಿ ನಿದ್ದೆಗೆಡಬೇಡಿ.

ನಿದ್ದೆಗೆಡಬೇಕಾದ ಜಾಗಗಳು ಬೇರೆ. ಮೊದಲನೆಯದು ನಮ್ಮ ಹೆಸರುಗಳು. ಕೊನೆಯ ಪದವೇ ಮನೆತನದ ಹೆಸರು ಎಂದು ಈ ಸಾಧನಗಳು ಭಾವಿಸುತ್ತವೆ. ನಮ್ಮಲ್ಲಿ ಇನಿಷಿಯಲ್ ಎಂದರೆ ಊರು, ತಂದೆಯ ಹೆಸರು, ಕೆಲವೊಮ್ಮೆ ಎರಡೂ. ಉಪಗ್ರಹ ವಿಜ್ಞಾನಿ ಯು. ಆರ್. ರಾವ್ ಅವರ ಹೆಸರಿನ ಮೊದಲ ಅಕ್ಷರ ಉಡುಪಿ. ನೊಬೆಲ್ ಪಡೆದ ಇಬ್ಬರನ್ನು ನೋಡಿ: 'ರಾಮನ್ ಸಿವಿ' ಎಂದಾಗ ಉಳಿಯುವುದು ಅವರದೇ ಹೆಸರು, 'ರಾಮಕೃಷ್ಣನ್ ವಿ' ಎಂದಾಗ ಮುಂದೆ ನಿಲ್ಲುವುದು ತಂದೆಯ ಹೆಸರು, ವೆಂಕಟರಾಮನ್ ಎಂಬ ಸ್ವಂತ ಹೆಸರು ಒಂದೇ ಅಕ್ಷರವಾಗಿ ಹಿಂದೆ ಸರಿಯುತ್ತದೆ. ಆದ್ದರಿಂದ ಮೊದಲ ಲೇಖನದಲ್ಲೇ ನಿಮ್ಮ ಹೆಸರಿನ ರೂಪವನ್ನು ನಿರ್ಧರಿಸಿ, ಕೊನೆಯವರೆಗೂ ಬದಲಿಸಬೇಡಿ. 2012ರಲ್ಲಿ ಆರಂಭವಾದ ಆರ್ಕಿಡ್ ಸಂಸ್ಥೆ ಕೊಡುವ 16 ಅಂಕಿಗಳ ಗುರುತುಸಂಖ್ಯೆಯನ್ನೂ ಪಡೆದುಕೊಳ್ಳಿ. ಒಬ್ಬರೇ ನಾಗರಾಜ ಮೂರು ಜನರಾಗಿ ಹರಿದುಹೋಗುವುದನ್ನು ಅದು ತಪ್ಪಿಸುತ್ತದೆ.

ಎರಡನೆಯದು, ನಾವು ನೋಡದೇ ಇರುವ ಆಕರಗಳು. ಎಲ್ಸೆವಿಯರ್ ಪ್ರಕಾಶನ ಸಂಸ್ಥೆ ಲೇಖಕರಿಗೆ ಕೊಡುವ ಮಾದರಿಯಲ್ಲಿ, ರೆಫರೆನ್ಸ್ ಹೇಗಿರಬೇಕೆಂದು ತೋರಿಸಲು ಒಂದು ಕಲ್ಪಿತ ಲೇಖನವಿತ್ತು: ವಿಜ್ಞಾನ ಲೇಖನ ಬರೆಯುವ ಕಲೆಯ ಬಗ್ಗೆ, 2000ದ ಇಸವಿಯದು, ಮೂವರು ಲೇಖಕರು. ಅಂಥ ಲೇಖನ ಇಲ್ಲ, ಅಂಥ ಪತ್ರಿಕೆಯೂ ಇಲ್ಲ. ಆದರೂ ಸುಮಾರು 400 ಪ್ರಬಂಧಗಳು ಅದನ್ನು ಉಲ್ಲೇಖಿಸಿದ್ದವೆಂದು ಸಂಶೋಧಕಿ ಆನ್-ವಿಲ್ ಹಾರ್ಜಿಂಗ್ 2017ರಲ್ಲಿ ಬರೆದರು. ಬಹುಪಾಲು ಸಮ್ಮೇಳನ ಪ್ರಬಂಧಗಳು. ಮಾದರಿಯಲ್ಲಿದ್ದ ಸಾಲನ್ನು ಅಳಿಸದೆ ಬಿಟ್ಟವರು ಅನೇಕರು. ಲೇಖಕ, ಪರಿಶೀಲಕ, ಸಂಪಾದಕ, ಯಾರೂ ಆ ಸಾಲನ್ನು ಓದಿರಲಿಲ್ಲ.

ಇದರಿಂದ ಯಾರ ಜೀವಕ್ಕೂ ಅಪಾಯವಾಗಲಿಲ್ಲ ಎನ್ನಬಹುದು. ಮುಂದಿನ ಉದಾಹರಣೆ ಹಾಗಲ್ಲ. 1980ರ ಜನವರಿಯಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಸಂಪಾದಕರಿಗೆ ಬಂದ ಐದು ವಾಕ್ಯಗಳ ಪತ್ರವೊಂದನ್ನು ಪ್ರಕಟಿಸಿತು. ಬರೆದವರು ಪೋರ್ಟರ್ ಮತ್ತು ಜಿಕ್. ಮಾದಕ ನೋವುನಿವಾರಕ ಪಡೆದ 11,882 ಒಳರೋಗಿಗಳ ದಾಖಲೆಯಲ್ಲಿ, ಹಿಂದೆ ಚಟವಿಲ್ಲದವರು ಹೊಸದಾಗಿ ವ್ಯಸನಕ್ಕೆ ಬಿದ್ದದ್ದು ನಾಲ್ಕೇ ಪ್ರಕರಣ ಎಂಬುದು ಅದರ ಸಾರ. ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿನಲ್ಲಿ ಇದ್ದವರ ಮಾತು ಅದು. ಮನೆಗೆ ಮಾತ್ರೆ ಒಯ್ದು ತಿಂಗಳುಗಟ್ಟಲೆ ನುಂಗುವವರ ಬಗ್ಗೆ ಅದರಲ್ಲಿ ಏನೂ ಇಲ್ಲ. ಕೆನಡಾದ ಸಂಶೋಧಕರು 2017ರಲ್ಲಿ ಈ ಪತ್ರವನ್ನು ಹೆಸರಿಸಿದ 608 ಬರಹಗಳನ್ನು ತೆರೆದು ನೋಡಿದರು. ಶೇಕಡ 72ರಷ್ಟು ಇದನ್ನು ವ್ಯಸನ ಅಪರೂಪ ಎಂಬುದಕ್ಕೆ ಪುರಾವೆಯಾಗಿ ಬಳಸಿದ್ದವು. ಶೇಕಡ 80ಕ್ಕಿಂತ ಹೆಚ್ಚಿನವು ಅವರು ಒಳರೋಗಿಗಳೆಂಬ ಸಂಗತಿಯನ್ನೇ ಬಿಟ್ಟಿದ್ದವು. ಅಮೆರಿಕದಲ್ಲಿ ಈ ಔಷಧಗಳು ಮಾಡಿದ ಅನಾಹುತಕ್ಕೆ ಕಾರಣಗಳು ಅನೇಕ. ಆ ಸಾಲಿನಲ್ಲಿ ಓದದೆ ಬರೆದ ಈ ರೆಫರೆನ್ಸ್‌ಗಳಿಗೂ ಜಾಗವಿದೆ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಆ ಪತ್ರದ ನಮೂದನ್ನು ಶಿಸ್ತಾಗಿ ಬರೆದರೆ ಹೀಗಿರುತ್ತದೆ: ಶೀರ್ಷಿಕೆಯ ನಂತರ ಚೌಕ ಆವರಣದಲ್ಲಿ 'ಲೆಟರ್', ಆಮೇಲೆ 1980;302:123. ಪುಟ ಒಂದೇ. ಅದು ದೊಡ್ಡ ಅಧ್ಯಯನವಲ್ಲ, ಒಂದು ಪತ್ರ ಎಂಬುದು ಅಷ್ಟರಲ್ಲೇ ಗೊತ್ತಾಗಬೇಕಿತ್ತು. ಚೌಕ ಆವರಣದ ಒಂದು ಪದವನ್ನು, ಒಂಟಿ ಪುಟಸಂಖ್ಯೆಯನ್ನು ಶೈಲಿಪುಸ್ತಕ ಯಾಕೆ ಕೇಳುತ್ತದೆಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಈ ಕತೆಯನ್ನೇ ಹೇಳುತ್ತೇನೆ.

ಈಚೆಗೆ ಇನ್ನೊಂದು ತೊಡಕು ಬಂದಿದೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಇಲ್ಲದ ಲೇಖನಗಳಿಗೂ ಚಂದದ ನಮೂದು ಕಟ್ಟಿಕೊಡುತ್ತವೆ. ಲೇಖಕರು, ಸಂಪುಟ, ಪುಟ, ಎಲ್ಲ ಅಚ್ಚುಕಟ್ಟು. ಹಿಂದೆ ಒರಟಾದ ಪಟ್ಟಿ ಕಂಡರೆ ಸಂಪಾದಕರಿಗೆ ಅನುಮಾನ ಬರುತ್ತಿತ್ತು. ಈಗ ನಯವಾದ ಪಟ್ಟಿಯನ್ನೂ ಹಾಗೆಯೇ ನೋಡಬೇಕಾಗಿದೆ. ಹಾಗಾಗಿ ಲೇಖನ ಸಲ್ಲಿಸುವ ಮುನ್ನ ಪ್ರತಿ ನಮೂದಿನ ಡಿಒಐ, ಅಂದರೆ ಲೇಖನದ ಡಿಜಿಟಲ್ ಗುರುತುಸಂಖ್ಯೆಯ ಕೊಂಡಿ, ತೆರೆಯಿರಿ. ತೆರೆಯದಿದ್ದರೆ ಮೊದಲು ಅಂಕಿಗಳನ್ನು ಸರಿನೋಡಿ, ಆಮೇಲೆ ಆ ಲೇಖನ ಇದೆಯೇ ಎಂದು ಹುಡುಕಿ. ತೆರೆದುಕೊಂಡು ಬೇರೆ ಲೇಖನ ಬಂದರೆ ಇನ್ನೂ ಎಚ್ಚರ ಬೇಕು. ಹಳೆಯ ಲೇಖನಗಳಿಗೆ ಡಿಒಐ ಇಲ್ಲದಿರಬಹುದು. ಅವನ್ನು ಗ್ರಂಥಾಲಯದಲ್ಲಿ, ಅಚ್ಚಾದ ಸಂಪುಟದಲ್ಲಿ ನೋಡಿ. ಪತ್ರಿಕೆ ಹಿಂಪಡೆದ ಲೇಖನವೇ ಎಂಬುದನ್ನೂ ನೋಡಿ. ಆ ದಾಖಲೆಯನ್ನು ಕೂಡಿಡುವ ರಿಟ್ರ್ಯಾಕ್ಷನ್ ವಾಚ್ ಸಂಗ್ರಹ 2023ರಿಂದ ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಇಷ್ಟೂ ಆದಮೇಲೆ ಓದದೆ ಉಳಿದ ಆಕರವಿದ್ದರೆ ಓದಿ, ಇಲ್ಲವೇ ಪಟ್ಟಿಯಿಂದ ತೆಗೆಯಿರಿ.