ದೋಹಾ ದೂರವೋ, ಕಡಗಂಚಿ ದೂರವೋ?

(ಶಾಲೆಯ ಸುವರ್ಣ ಮಹೋತ್ಸವದ ಶಿಕ್ಷಣ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಂಘಟಕರು ನನಗೆ ಕೊಟ್ಟ ವಿಷಯ ‘ವಿದೇಶಿ ವಿಶ್ವವಿದ್ಯಾಲಯ ಮತ್ತು ಗ್ರಾಮೀಣ ವಿದ್ಯಾರ್ಥಿ’. ವಿಷಯ ದೊಡ್ಡದು, ನನಗಿರುವ ಸಮಯ ಹದಿನೈದು ನಿಮಿಷ. ಹಿಂದುಗಡೆಯಿಂದ ಹುಗ್ಗಿಯ ವಾಸನೆಯೂ ಬರುತ್ತಿದೆ. ಆದ್ದರಿಂದ ಒಂದೇ ಉದಾಹರಣೆ ಹಿಡಿದು ಮಾತಾಡುತ್ತೇನೆ.

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಜಾರ್ಜ್‌ಟೌನ್ ಎಂಬ ಹಳೆಯ ವಿಶ್ವವಿದ್ಯಾಲಯವಿದೆ. ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಅಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳನ್ನು ಕಲಿಸುವ ವಿದ್ಯಾಲಯವೊಂದನ್ನು ತೆರೆದರು. ದೇಶದೇಶಗಳ ನಡುವಿನ ರಾಜಕೀಯ, ವ್ಯಾಪಾರ, ಒಪ್ಪಂದ, ಯುದ್ಧ, ಶಾಂತಿ ಇವೇ ಅಲ್ಲಿಯ ಪಾಠ. ಈ ವಿದ್ಯಾಲಯ 2005ರಲ್ಲಿ ಕತಾರ್ ದೇಶದ ದೋಹಾ ನಗರದಲ್ಲಿ ತನ್ನ ಶಾಖೆ ತೆರೆಯಿತು. ಗಲ್ಫ್ ಎಂದರೆ ನಮ್ಮ ಕಡೆಯವರಿಗೆ ದುಡಿಯಲು ಹೋಗುವ ನಾಡು. ಅಲ್ಲಿಗೆ ಓದಲು ಹೋಗುವವರೂ ಇದ್ದಾರೆ ಎಂಬುದು ಹಲವರಿಗೆ ಹೊಸ ಸುದ್ದಿಯಾಗಿರಬಹುದು.

ದೋಹಾದಲ್ಲಿ ಓದಿದವರಿಗೂ ವಾಷಿಂಗ್ಟನ್‌ನಲ್ಲಿ ಓದಿದವರಿಗೂ ಸಿಗುವುದು ಒಂದೇ ಪದವಿ. ಅರ್ಥಶಾಸ್ತ್ರ, ಇತಿಹಾಸ, ತತ್ವಶಾಸ್ತ್ರ ಓದಬೇಕು, ಇನ್ನೊಂದು ಭಾಷೆಯನ್ನು ಚೆನ್ನಾಗಿ ಕಲಿಯಬೇಕು. ಆಧುನಿಕ ಜಗತ್ತಿನ ಭೂಪಟ ಎಂಬ ಪಾಠವೂ ಈ ವಿದ್ಯಾಲಯದ್ದು. ಯಾವ ದೇಶ ಎಲ್ಲಿದೆ, ಅದರ ಗಡಿ ಹೇಗೆ ಹುಟ್ಟಿತು ಎನ್ನುವುದೇ ಅದರ ವಸ್ತು. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಗೋಡೆಗೆ ನಕ್ಷೆ ತೂಗುಹಾಕಿ, ಕೋಲು ಹಿಡಿದು ಕೇಳುತ್ತಿದ್ದದ್ದೂ ಇದನ್ನೇ ಅಲ್ಲವೆ?

ಇಂಥ ಶಾಖೆ ಹೇಗೆ ನಡೆಯುತ್ತದೆ? ಜಾರ್ಜ್‌ಟೌನ್ ತನ್ನ ಗಂಟು ತಂದು ದೋಹಾದಲ್ಲಿ ಸುರಿದಿಲ್ಲ. ಕತಾರ್ ಫೌಂಡೇಶನ್ ಎಂಬ ಸಂಸ್ಥೆ ಕರೆದು, ಕಟ್ಟಡ ಕಟ್ಟಿಸಿ, ಖರ್ಚು ಕೊಡುತ್ತದೆ. ತೈಲ ಮತ್ತು ಅನಿಲದ ಹಣ ಎಂದಾದರೂ ಮುಗಿಯುತ್ತದೆ, ಆಗ ದೇಶ ನಡೆಸಲು ಓದಿದ ಜನ ಬೇಕು ಎನ್ನುವುದು ಅವರ ಲೆಕ್ಕ. ಹಾಗಾಗಿ ಶಾಖೆಯ ಆಯುಷ್ಯ ಕರಾರಿನ ಮೇಲೆ ನಿಂತಿರುತ್ತದೆ. ಜಾರ್ಜ್‌ಟೌನ್‌ನ ಕರಾರು 2025ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಯಿತು. ಅದೇ ಆವರಣದಲ್ಲಿ 2003ರಿಂದ ಎಂಜಿನಿಯರಿಂಗ್ ಕಲಿಸುತ್ತಿರುವ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಮಾತ್ರ, 2028ರ ಹೊತ್ತಿಗೆ ಶಾಖೆ ಮುಚ್ಚುವುದಾಗಿ 2024ರಲ್ಲಿ ತೀರ್ಮಾನಿಸಿತು. ದೊಡ್ಡ ಹೆಸರಿನ ಬೋರ್ಡನ್ನೂ ಒಂದು ದಿನ ಇಳಿಸಬಹುದು ಎಂಬುದು ನಮಗೆ ತಿಳಿದಿರಲಿ.

‘ಇದೆಲ್ಲಾ ದೊಡ್ಡವರ ಓದು, ನಮಗ್ಯಾಕ ಬೇಕು?’ ಎಂದು ಯಾರಾದರೂ ಕೇಳಬಹುದು. ನಮಗೇ ಹೆಚ್ಚು ಬೇಕು ಎನ್ನುವುದು ನನ್ನ ಉತ್ತರ.

ನಾವು ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಇದೇ ಅಂಗಳದಲ್ಲಿ ಧ್ವಜ ಹಾರಿಸುತ್ತೇವೆ. ಅಂದು ನಮ್ಮ ಅಫಜಲಪುರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮ ಸರ್ಕಾರ 1948ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ಮಂಡಳಿ ಅದನ್ನು ಕೈಗೆತ್ತಿಕೊಂಡಿತು. ಭಾರತದ ಪರವಾಗಿ ರಾಮಸ್ವಾಮಿ ಮುದಲಿಯಾರ್ ಇದು ನಮ್ಮ ಮನೆಯೊಳಗಿನ ವಿಷಯ ಎಂದು ವಾದಿಸಿದರು. ಮರುದಿನವೇ ಇಲ್ಲಿ ನಿಜಾಮರು ಶರಣಾದರು. ಅಂದರೆ ಹೊಲದಲ್ಲಿ ನಮ್ಮ ಅಜ್ಜಂದಿರು ಕುಂಟೆ ಹೊಡೆಯುತ್ತಿದ್ದಾಗ, ಅವರು ಯಾವ ದೇಶದವರು ಎಂಬ ಚರ್ಚೆ ಪ್ಯಾರಿಸ್ಸಿನಲ್ಲಿ ನಡೆದಿತ್ತು.

ಅದು ಹಳೆಯ ಮಾತಾಯಿತು. ಈಗಿನದು ಕೇಳಿ. 2015ರಲ್ಲಿ ಪಟ್ಟಣಗಳಲ್ಲಿ ಬೇಳೆಯ ದರ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ಭಾರತವು ಆಫ್ರಿಕಾದ ಮೊಜಾಂಬಿಕ್ ದೇಶದೊಡನೆ ತೊಗರಿ ಖರೀದಿಯ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 1 ಲಕ್ಷ ಟನ್‌ನಿಂದ ಆರಂಭಿಸಿ 2 ಲಕ್ಷ ಟನ್‌ಗೆ ಏರಿಸುವ ಮಾತು ಅದು. ಅದೇ 2016ರಲ್ಲಿ ದೇವರು ದಯೆ ತೋರಿದ, ನಮ್ಮಲ್ಲೂ ತೊಗರಿ ಭರ್ಜರಿ ಬೆಳೆಯಿತು. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇತ್ತು, ಮಾರುಕಟ್ಟೆಯ ದರ ಅದಕ್ಕಿಂತ ಕೆಳಗೆ ಕುಸಿಯಿತು. ಖರೀದಿ ಕೇಂದ್ರದ ಮುಂದೆ ಚೀಲ ಇಟ್ಟುಕೊಂಡು ಸರದಿ ಕಾದವರು ಈ ಸಭೆಯಲ್ಲೇ ಇದ್ದೀರಿ. ದರ ಬಿದ್ದದ್ದಕ್ಕೆ ಆಮದೊಂದೇ ಕಾರಣವಲ್ಲ, ಒಪ್ಪುತ್ತೇನೆ. ಆದರೆ ಕಲಬುರಗಿ ತೊಗರಿಯ ಬೆಲೆಯ ಒಂದು ಕೊನೆ ಆಫ್ರಿಕಾದ ಬಂದರಿನಲ್ಲಿದೆ, ಇನ್ನೊಂದು ದೆಹಲಿಯ ಟೇಬಲ್ಲಿನ ಮೇಲಿದೆ. ಆ ಟೇಬಲ್ಲಿನ ಸುತ್ತ ಕೂತವರಲ್ಲಿ ತೊಗರಿ ರಾಶಿ ಮಾಡಿ ಗೊತ್ತಿರುವ ಒಬ್ಬರಾದರೂ ಇರಬೇಡವೆ?

ಮೇಲಿನವರು ನೀರು ಬಿಟ್ಟರೆ ಕೆಳಗಿನವರಿಗೆ ಬದುಕು ಎನ್ನುವ ಪಾಠವನ್ನು ನಮ್ಮ ಭೀಮೆಯೇ ಕಲಿಸಿದ್ದಾಳೆ. ಬೇಸಿಗೆ ಬಂದರೆ ನಾವು ಉಜನಿ ಅಣೆಕಟ್ಟಿನ ಕಡೆ ಮುಖ ಮಾಡುತ್ತೇವೆ. ಈ ಅನುಭವ ಇರುವ ಮಕ್ಕಳಿಗೆ ಅಂತರರಾಷ್ಟ್ರೀಯ ವ್ಯವಹಾರ ಕಷ್ಟದ ವಿಷಯವೇನಲ್ಲ.

ಈಗ ವಿದೇಶಿ ಶಾಖೆಗಳು ನಮ್ಮ ದೇಶಕ್ಕೂ ಬರುತ್ತಿವೆ. ನಮ್ಮ ಮಣಿಪಾಲದವರು 2000ದಲ್ಲೇ ದುಬೈಗೆ ಹೋಗಿ ಶಾಖೆ ತೆರೆದರು. ಹೊರಗಿನವರು ಒಳಗೆ ಬರಲು ಯು.ಜಿ.ಸಿ. 2023ರಲ್ಲಿ ನಿಯಮ ಮಾಡಿತು. ಬೆಂಗಳೂರಿನಲ್ಲಿ ಶಾಖೆ ತೆರೆಯಲು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಪತ್ರ ಸಿಕ್ಕಿತು. ಸಂತೋಷ. ಆದರೆ ಈ ನಿಯಮದಲ್ಲಿ ಪ್ರವೇಶದ ರೀತಿಯನ್ನೂ ಶುಲ್ಕವನ್ನೂ ಆ ಸಂಸ್ಥೆಗಳೇ ಗೊತ್ತುಮಾಡುತ್ತವೆ. ನಾವು ಹೋರಾಡಿ ಪಡೆದ 371(ಜೆ) ಮೀಸಲಾತಿ ಅಲ್ಲಿ ಕೈ ಹಿಡಿಯುತ್ತದೆ ಎಂದು ನಂಬಿ ಕೂರಬೇಡಿ.

ಪಾಲಕರಿಗೆ ಒಂದು ಮಾತು. ವಿದೇಶಿ ಪದವಿ ಎಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ ಹೊಲ ಬರೆದುಕೊಡುವ ಮೊದಲು ಕೇಳಿ: ಪದವಿ ಪತ್ರದ ಮೇಲೆ ಯಾರ ಹೆಸರು ಇರುತ್ತದೆ? ಅದಕ್ಕೆ ಭಾರತದಲ್ಲಿ ಮಾನ್ಯತೆ ಇದೆಯೆ? ಫೀ, ಹಾಸ್ಟೆಲ್, ವೀಸಾ ಎಲ್ಲ ಸೇರಿ ಪೂರ್ತಿ ಖರ್ಚೆಷ್ಟು? ಶಾಖೆ ಮುಚ್ಚಿದರೆ ಮಕ್ಕಳ ಗತಿ ಏನು? ಉತ್ತರವನ್ನು ಏಜೆಂಟರ ಬಾಯಿಂದ ಕೇಳಬೇಡಿ, ವಿಶ್ವವಿದ್ಯಾಲಯದಿಂದ ಬರಹದಲ್ಲಿ ಪಡೆಯಿರಿ. ನೆರವಿನ ದಾರಿಗಳೂ ಇವೆ. ಪರಿಶಿಷ್ಟರಿಗೆ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಅರ್ಜಿ ಹಾಕಿದವರಿಗೆ ಮಾತ್ರ ಅದು ಸಿಗುತ್ತದೆ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಪಕ್ಕದ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2009ರ ಕಾಯ್ದೆಯಿಂದ ಹುಟ್ಟಿದ್ದು, ನಮ್ಮದೇ ನೆಲದ ಮೇಲಿದೆ. ಅದರ ಬಾಗಿಲು ತೆಗೆಯುವುದು ಸಿ.ಯು.ಇ.ಟಿ. ಎಂಬ ಅಖಿಲ ಭಾರತ ಪರೀಕ್ಷೆ. ಪದವಿ ಪ್ರವೇಶದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅದೇ ಪರೀಕ್ಷೆಯಿಂದ ಪಿಯುಸಿ ಮುಗಿದ ಮೇಲೆ ದೆಹಲಿಯ ಜೆ.ಎನ್.ಯು. ಸೇರಿ ಅರಬ್ಬಿ, ಚೀನಿ, ಫ್ರೆಂಚ್ ಭಾಷೆಗಳನ್ನು ಕಡಿಮೆ ಖರ್ಚಿನಲ್ಲಿ ಕಲಿಯಬಹುದು. ಅಂತರರಾಷ್ಟ್ರೀಯ ಅಧ್ಯಯನಕ್ಕೆ ಅಲ್ಲಿ ಹಳೆಯ ವಿದ್ಯಾಲಯವಿದೆ. 1955ರಲ್ಲಿ ಬೇರೆಯಾಗಿ ಹುಟ್ಟಿದ ಅದು 1970ರಲ್ಲಿ ಜೆ.ಎನ್.ಯು. ಸೇರಿತು.

ಇದರ ಅರ್ಜಿ ಯಾವಾಗ ಬರುತ್ತದೆ ಎಂಬುದೇ ನಮ್ಮ ಮಗುವಿಗೆ ಗೊತ್ತಿರದಿದ್ದರೆ ಕಡಗಂಚಿಯೂ ದೋಹಾದಷ್ಟೇ ದೂರ. ಗೊತ್ತಿದ್ದರೆ ದೋಹಾ ಕೂಡ ಕಡಗಂಚಿಯಷ್ಟೇ ಹತ್ತಿರ. ಕ್ಯಾಂಪಸ್ಸು ನಮ್ಮ ಕಡೆಗೆ ಬಂದರೆ ಸಾಲದು, ಅದರೊಳಗೆ ಹೋಗುವ ದಾರಿ ಈ ಶಾಲೆಯಿಂದ ಶುರುವಾಗಬೇಕು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ. ಮಹೋತ್ಸವಕ್ಕೆ ಕೂಡಿದ ಹಣದಲ್ಲಿ ಉಳಿದದ್ದನ್ನು ಕಮಾನು ಕಟ್ಟಲು ಬಳಸುವುದು ಬೇಡ. ಶಾಲೆಗೆ ದೊಡ್ಡದೊಂದು ಜಗತ್ತಿನ ಭೂಪಟ, ಒಂದು ಗ್ಲೋಬು, ದಿನವೂ ಒಂದು ಕನ್ನಡ ಮತ್ತು ಒಂದು ಇಂಗ್ಲಿಷ್ ಪತ್ರಿಕೆ ತರಿಸೋಣ. ಇಲ್ಲಿಂದ ಪಾಸಾಗಿ ಪಿಯುಸಿ ಓದುವ ಮಕ್ಕಳ ಪ್ರವೇಶ ಪರೀಕ್ಷೆಯ ಶುಲ್ಕ, ಬಸ್ಸಿನ ಖರ್ಚು ಕೊಡೋಣ. ವರ್ಷಕ್ಕೊಂದು ದಿನ ನಮ್ಮಲ್ಲೇ ನಾಲ್ಕು ಜನ ಇಲ್ಲಿ ಕುಳಿತು ಅರ್ಜಿ ತುಂಬಿಸಿಕೊಡೋಣ. ಮೊದಲ ವರ್ಷದ ಪತ್ರಿಕೆಯ ಚಂದಾ ನನ್ನದಿರಲಿ.

ಹೆಣ್ಣುಮಕ್ಕಳಿಗೆ ಕೊನೆಯದಾಗಿ ಒಂದು ಮಾತು. ನೀವು ಹೊಲಕ್ಕೆ ಬುತ್ತಿ ಒಯ್ದವರು, ತೊಗರಿ ಹಸನು ಮಾಡಿದವರು. ನಾಳೆ ಬೇಳೆಯ ಒಪ್ಪಂದಕ್ಕೆ ಸಹಿ ಬೀಳುವ ಕೋಣೆಯಲ್ಲಿ ನಿಮ್ಮ ಕುರ್ಚಿಯೂ ಇರಲಿ. ಓದಿ, ದಾರಿ ಕೇಳಿ, ಕೇಳಲು ನಾಚಬೇಡಿ.

 ಜೈ ಹಿಂದ್, ಜೈ ಕರ್ನಾಟಕ.